ಮೆತ್ತನೆ ಪ್ಲಾಸ್ಟಿಕ್ ಹುಳಕ್ಕೆ ಯಾವ ಹುಕ್? ಬಾಸ್ ಕಚ್ಚುತ್ತದೆ, ಕೈಗೆ ಬರುವುದಿಲ್ಲ

ಹೊಸಗಾಳ:

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಬಾಸ್ ಮೀನಿಗೆ ಗಾಳ ಹಾಕುತ್ತಿದ್ದೇನೆ. ಇಲ್ಲಿಯವರೆಗೆ ಕ್ರ್ಯಾಂಕ್‌ಬೈಟ್, ಸ್ಪಿನ್ನರ್ ಇಂಥ ಕೃತಕ ಎರೆಗಳಲ್ಲೇ ಕಾಲ ಕಳೆದೆ. ಅವುಗಳಲ್ಲಿ ಹುಕ್ ಬಗ್ಗೆ ಯೋಚಿಸುವ ಗೋಜೇ ಇಲ್ಲ, ಮಾಡಿದವರೇ ಹಾಕಿ ಕೊಟ್ಟಿರುತ್ತಾರೆ. ಎರಡು ತಿಂಗಳಿಂದ ಮೆತ್ತನೆ ಪ್ಲಾಸ್ಟಿಕ್ ಹುಳಗಳಿಗೆ ಬಂದಿದ್ದೇನೆ, ತಲೆ ಕೆಟ್ಟುಹೋಗಿದೆ.

ತೊಂದರೆ ಏನು ಅಂದರೆ, ಮೀನು ಕಚ್ಚುತ್ತಿದೆ. ಟಕ್ ಟಕ್ ಅಂತ ಕೈಗೆ ಗೊತ್ತಾಗುತ್ತದೆ, ದಾರ ಪಕ್ಕಕ್ಕೆ ಸರಿಯುತ್ತದೆ, ಜೋರಾಗಿ ಎಳೆಯುತ್ತೇನೆ, ಒಂದು ಕ್ಷಣ ಭಾರ ಸಿಗುತ್ತದೆ, ಆಮೇಲೆ ಖಾಲಿ. ಹುಳ ವಾಪಸ್ ಬಂದಾಗ ಹುಕ್ಕಿನ ಬಾಗಿನೊಳಗೆ ಮುದ್ದೆಯಾಗಿ ಕೂತಿರುತ್ತದೆ. ಕಳೆದ ಭಾನುವಾರ ಸುಮ್ನೆ ಲೆಕ್ಕ ಇಟ್ಟೆ. ಹನ್ನೊಂದು ಸಲ ಕಚ್ಚಿತು, ಕೈಗೆ ಬಂದಿದ್ದು ಮೂರೇ. ಆ ಮೂರೂ ತೆಳ್ಳಗಿನ ಹುಳದಲ್ಲೇ ಬಂದವು, ಅದು ಕಾಕತಾಳೀಯವೋ ಏನೋ ಗೊತ್ತಿಲ್ಲ.

ನಾನು ಬಳಸುವುದು ಇಷ್ಟು. 5 ಇಂಚಿನ ದಪ್ಪ ಸ್ಟಿಕ್ ವರ್ಮ್, ಕೈಕಾಲು ಮೀಸೆ ಎಲ್ಲಾ ಇರುವ 4 ಇಂಚಿನ ಕ್ರೀಚರ್ ಬೈಟ್, ಮತ್ತೆ ರಿಬ್ಬನ್ ಬಾಲದ 6 ಇಂಚಿನ ತೆಳ್ಳಗಿನ ಹುಳ. ಮೂರಕ್ಕೂ ಒಂದೇ ಹುಕ್: 2/0 ಆಫ್‌ಸೆಟ್ ರೌಂಡ್ ಬೆಂಡ್ (ಕತ್ತಿನ ಹತ್ತಿರ ಮಡಿಕೆ, ಕೆಳಗೆ ದುಂಡನೆ ಬಾಗು), ತೆಳು ತಂತಿಯದು. ಎಲ್ಲವನ್ನೂ ಟೆಕ್ಸಸ್ ರಿಗ್ ಮಾಡಿಯೇ, ಅಂದರೆ ಮೊನೆಯನ್ನು ಹುಳದೊಳಗೆ ಅಡಗಿಸಿಯೇ ಹಾಕುತ್ತೇನೆ. ದಾರ 12 ಪೌಂಡ್ (ತಡೆಯುವ ಭಾರ) ಫ್ಲೋರೋಕಾರ್ಬನ್. ಕಳೆ ಜಾಸ್ತಿ ಇರುವ ಕಡೆ ಇನ್ನೊಂದು ರಾಡ್ ಇದೆ, ಅದಕ್ಕೆ 50 ಪೌಂಡ್ ಬ್ರೇಡ್ (ಹೆಣೆದ ದಾರ). ಅದರಲ್ಲಿ ಒಂದು ಒಳ್ಳೆ ಮೀನು ಸಿಕ್ಕಿತ್ತು. ಜೊಂಡಿನಿಂದ ಎಳೆದು ತರುವಷ್ಟರಲ್ಲಿ ಹುಕ್ ಬಿಚ್ಚಿಕೊಂಡು ಹೆಚ್ಚುಕಡಿಮೆ ಸೂಜಿಯಂತೆ ನೇರವಾಗಿತ್ತು. ಹುಕ್ಕೇ ಕಳಪೆಯೋ, ನನ್ನ ಆಯ್ಕೆ ತಪ್ಪೋ?

ಅಂಗಡಿಗೆ ಹೋದರೆ ಗೋಡೆ ತುಂಬಾ ಹುಕ್ಕು. ವೈಡ್ ಗ್ಯಾಪ್, ಎಕ್ಸ್‌ಟ್ರಾ ವೈಡ್ ಗ್ಯಾಪ್, ಸ್ಟ್ರೈಟ್ ಶ್ಯಾಂಕ್, ಸ್ಪ್ರಿಂಗ್ ಇರುವುದು, ಸೀಸ ಇರುವುದು. ಯಾವುದಕ್ಕೆ ಯಾವುದು ಅಂತ ಯಾರಾದರೂ ಬಿಡಿಸಿ ಹೇಳಿದರೆ ಪುಣ್ಯ ಬರುತ್ತದೆ.


ಜೊಂಡಿನಮರೆ:

ಕಾಕತಾಳೀಯ ಅಲ್ಲ ಸರ್. ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ, ಆ ಮೂರು ಮೀನು ತೆಳ್ಳಗಿನ ಹುಳದಲ್ಲಿ ಬಂದವು ಅನ್ನುವ ಸಾಲಿನಲ್ಲಿ.

ಎಲ್ಲರೂ ಹುಳದ ಉದ್ದ ನೋಡಿ ಹುಕ್ ತೆಗೆದುಕೊಳ್ಳುತ್ತಾರೆ. ನೋಡಬೇಕಾದ್ದು ದಪ್ಪ. ಟೆಕ್ಸಸ್ ರಿಗ್‌ನಲ್ಲಿ ಹುಕ್ಕಿನ ಮೊನೆ ಹುಳದ ಮೈಯೊಳಗೆ ಅಡಗಿರುತ್ತದೆ ಅಲ್ವಾ? ನೀವು ಎಳೆದಾಗ ಹುಳ ಕುಸಿಯಬೇಕು, ಮೊನೆ ಅದನ್ನು ಹರಿದುಕೊಂಡು ಹೊರಗೆ ಬರಬೇಕು, ಆಮೇಲೆ ಮೀನಿನ ಬಾಯಿಗೆ ಚುಚ್ಚಬೇಕು. ಕುಸಿದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ? ಹುಕ್ಕಿನ ಬಾಗಿನೊಳಗೇ ಬಂದು ಕೂರುತ್ತದೆ. ಮೊನೆಗೂ ಎದುರಿನ ಶ್ಯಾಂಕಿಗೂ (ಹುಕ್ಕಿನ ಕಡ್ಡಿ) ನಡುವಿನ ಜಾಗಕ್ಕೆ ಗ್ಯಾಪ್ ಅನ್ನುತ್ತಾರೆ. ಆ ಜಾಗವನ್ನೆಲ್ಲ ಪ್ಲಾಸ್ಟಿಕ್ಕೇ ತುಂಬಿಕೊಂಡರೆ ಮೀನಿನ ತುಟಿಗೆ ಜಾಗ ಎಲ್ಲಿ? ಒಂದು ಕ್ಷಣ ಭಾರ ಸಿಕ್ಕಿತು ಅಂದಿರಲ್ಲ, ಆಗ ಮೀನು ಹುಳವನ್ನು ಹಲ್ಲಲ್ಲಿ ಹಿಡಿದುಕೊಂಡಿತ್ತು ಅಷ್ಟೇ. ಬಾಸ್ ಬಾಯಲ್ಲಿ ಉಪ್ಪುಕಾಗದದ ಹಾಗೆ ಒರಟಾದ ಸಣ್ಣ ಹಲ್ಲುಗಳಿರುತ್ತವೆ, ಮೆತ್ತನೆ ಪ್ಲಾಸ್ಟಿಕ್ ಅದರಲ್ಲಿ ಚೆನ್ನಾಗಿ ಹಿಡಿತಕ್ಕೆ ಸಿಗುತ್ತದೆ. ಬಾಯಿ ಬಿಟ್ಟಿತು, ಹೋಯಿತು. ನಿಮ್ಮ ಹುಕ್ ಅದನ್ನು ಮುಟ್ಟಿಯೇ ಇರಲಿಲ್ಲ.

ಈಗ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸ್ಟಿಕ್ ವರ್ಮನ್ನು ನಿಮ್ಮ 2/0ಗೆ ಹಾಕಿ. ಮೊನೆ ಇರುವ ಜಾಗದಲ್ಲಿ ಹುಳವನ್ನು ಎರಡೂ ಪಕ್ಕದಿಂದ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಶ್ಯಾಂಕಿನ ಕಡೆಗೆ ಅದುಮಿ. ಬೆರಳು ಮೊನೆಯ ದಾರಿಗೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ, ನಾನು ಒಂದು ಸಲ ಚುಚ್ಚಿಸಿಕೊಂಡಿದ್ದೇನೆ. ಮೊನೆ ಮಾತ್ರ ಇಣುಕಿ, ಹಿಮ್ಮುಳ್ಳು ಪ್ಲಾಸ್ಟಿಕ್ ಒಳಗೇ ಉಳಿದರೆ ಹುಕ್ ಚಿಕ್ಕದು. ಮೊನೆ, ಹಿಮ್ಮುಳ್ಳು ಎರಡೂ ಪೂರ್ತಿ ಹೊರಗೆ ಬಂದು ಅದರ ಕೆಳಗೆ ಇನ್ನೂ ಖಾಲಿ ಜಾಗ ಕಂಡರೆ ಸರಿ. ನನ್ನ ಲೆಕ್ಕ ಏನು ಅಂದರೆ ಗ್ಯಾಪ್ ಹುಳದ ದಪ್ಪದ ಸುಮಾರು ಎರಡರಷ್ಟು ಇರಬೇಕು. ಸ್ಕೇಲ್ ಹಿಡಿದು ಅಳೆಯಬೇಕಾಗಿಲ್ಲ, ಕಣ್ಣಳತೆ ಸಾಕು.

ಹಾಗಾಗಿ ದಪ್ಪ ಸ್ಟಿಕ್ ವರ್ಮ್‌ಗೆ 4/0 ಎಕ್ಸ್‌ಟ್ರಾ ವೈಡ್ ಗ್ಯಾಪ್ ಹಾಕಿ. ಹುಳ ಸ್ವಲ್ಪ ಸಣ್ಣಗಿದ್ದರೆ 3/0 ಸಾಕು. ಕ್ರೀಚರ್ ಬೈಟ್‌ಗೂ 4/0. ನಿಮ್ಮ 6 ಇಂಚಿನ ತೆಳ್ಳಗಿನ ಹುಳಕ್ಕೆ ಈಗಿರುವ 2/0 ಪರವಾಗಿಲ್ಲ, 3/0 ಇನ್ನೂ ಚೆನ್ನ. ಮುಂದೆ 10 ಇಂಚಿನ ದೊಡ್ಡ ಹುಳ ಹಾಕುವ ಆಸೆ ಬಂದರೆ 5/0. ಅಂಕಿ ಓದುವುದು ಗೊತ್ತಿರಬಹುದು, ಆದರೂ ಹೇಳುತ್ತೇನೆ: ಬರೀ ಅಂಕಿ ಇದ್ದರೆ ಅಂಕಿ ದೊಡ್ಡದಾದಷ್ಟೂ ಹುಕ್ ಚಿಕ್ಕದು, ಸೊನ್ನೆ ಇರುವ ಕಡೆ ಉಲ್ಟಾ. 4ಕ್ಕಿಂತ 1 ದೊಡ್ಡದು, 1ಕ್ಕಿಂತ 1/0 ದೊಡ್ಡದು, ಅಲ್ಲಿಂದ ಮುಂದೆ 5/0 ಕಡೆಗೆ ಏರುತ್ತಾ ಹೋಗುತ್ತದೆ. ಮತ್ತೆ ಒಂದು ಕಂಪನಿಯ 3/0 ಇನ್ನೊಂದು ಕಂಪನಿಯ 4/0ಗೆ ಸಮ ಇರಬಹುದು. ಎಲ್ಲರಿಗೂ ಒಂದೇ ಅಳತೆ ಅನ್ನುವುದು ಇಲ್ಲ. ಪ್ಯಾಕೆಟ್ ಮೇಲಿನ ನಂಬರ್ ನಂಬಬೇಡಿ, ಹುಳವನ್ನೇ ಪಕ್ಕದಲ್ಲಿ ಹಿಡಿದು ನೋಡಿ.

ಬಿಚ್ಚಿಕೊಂಡ ಹುಕ್ ವಿಷಯ: ಹುಕ್ ಕಳಪೆ ಅಲ್ಲ. ತೆಳು ತಂತಿಯ ಹುಕ್ಕಿಗೆ 50 ಪೌಂಡ್ ಬ್ರೇಡ್ ಕಟ್ಟಿದಿರಿ. ಬ್ರೇಡ್ ಹಿಗ್ಗುವುದಿಲ್ಲ, ದಪ್ಪ ರಾಡ್ ಬಾಗುವುದಿಲ್ಲ, ಕೊನೆಗೆ ಯಾವುದೋ ಒಂದು ಬಾಗಲೇಬೇಕು. ಹುಕ್ ಬಾಗಿತು.


ತೆಳುದಾರ:

ಮೇಲಿನವರು ಹೇಳಿದ್ದು ಒಪ್ಪುತ್ತೇನೆ, ಆದರೆ ಇದನ್ನು ಓದಿದವರು ನಾಳೆ ಎಲ್ಲದಕ್ಕೂ 5/0 ಹಾಕಿಕೊಂಡು ಹೋಗುತ್ತಾರೆ ಅನ್ನುವ ಭಯ ನನಗೆ. ಹುಕ್ ದೊಡ್ಡದಾದರೆ ಅದರದ್ದೇ ತೊಂದರೆಗಳಿವೆ.

ಸ್ಟಿಕ್ ವರ್ಮ್ ಯಾಕೆ ಮೀನಿಗೆ ಇಷ್ಟ? ಸೀಸ ಇಲ್ಲದೆ ಹಾಕಿದರೆ ಅದು ನೀರಲ್ಲಿ ಅಡ್ಡವಾಗಿ, ಎರಡೂ ತುದಿ ನಡುಗುತ್ತಾ ನಿಧಾನವಾಗಿ ಇಳಿಯುತ್ತದೆ. ಆ ನಡುಕವೇ ಅದರ ಜೀವ. ಮೂತಿಗೆ ಭಾರದ ಹುಕ್ ಸಿಕ್ಕಿಸಿದರೆ ತಲೆ ಕೆಳಗಾಗಿ ಕಲ್ಲಿನ ಹಾಗೆ ಇಳಿಯುತ್ತದೆ. ನಡುಕ ಹೋಯಿತು. ನಿಮಗೆ ಬೇಕಾದ್ದು ಗ್ಯಾಪ್ ದೊಡ್ಡದು, ತಂತಿ ದಪ್ಪ ಅಲ್ಲ. ಇವೆರಡನ್ನೂ ಬೇರೆ ಬೇರೆ ನೋಡಬೇಕು. ಗ್ಯಾಪ್ ಹುಳ ನೋಡಿ ಆರಿಸುವುದು, ತಂತಿ ದಾರ ಮತ್ತು ರಾಡ್ ನೋಡಿ ಆರಿಸುವುದು. 6ರಿಂದ 10 ಪೌಂಡ್ ದಾರ, ಸ್ಪಿನ್ನಿಂಗ್ ರಾಡ್ ಇದ್ದರೆ ತೆಳು ತಂತಿ. ಅದು ಸೂಜಿಯಂತೆ ಒಳಗೆ ಹೋಗುತ್ತದೆ, ಜೋರಾಗಿ ಎಳೆಯಬೇಕಾಗಿಲ್ಲ. ಅದೇ ರಾಡ್‌ಗೆ ದಪ್ಪ ತಂತಿಯ ಹುಕ್ ಕಟ್ಟಿದರೆ ರಾಡ್ ಬಾಗುತ್ತದೆ, ದಾರ ಹಿಗ್ಗುತ್ತದೆ, ಮೊನೆ ಮಾತ್ರ ಹಿಮ್ಮುಳ್ಳಿನವರೆಗೂ ಹೋಗುವುದಿಲ್ಲ. ಮೀನು ಒಂದು ಸಲ ಹಾರಿ ತಲೆ ಒದರಿದರೆ ಮುಗಿಯಿತು. ನಿಮ್ಮ 12 ಪೌಂಡ್ ಫ್ಲೋರೋಕಾರ್ಬನ್‌ಗೆ ಮಧ್ಯಮ ತಂತಿ ಸರಿ. 50 ಪೌಂಡ್ ಬ್ರೇಡ್‌ಗೆ ದಪ್ಪ ತಂತಿ, ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು, ಎಲ್ಲವನ್ನೂ ಟೆಕ್ಸಸ್ ರಿಗ್ ಯಾಕೆ ಮಾಡುತ್ತೀರಿ? ಕಳೆ ಇಲ್ಲದ ಕಡೆ ಮೊನೆ ಅಡಗಿಸುವ ಅಗತ್ಯವೇ ಇಲ್ಲ. ಅದೇ ಸ್ಟಿಕ್ ವರ್ಮ್‌ನ ಸೊಂಟಕ್ಕೆ, ನಡು ಮಧ್ಯಕ್ಕೆ, 1 ಅಥವಾ 1/0 ಹುಕ್ ಅಡ್ಡ ಚುಚ್ಚಿ. ಇದಕ್ಕೆ ವ್ಯಾಕಿ ರಿಗ್ ಅನ್ನುತ್ತಾರೆ. ನೋಡಲು ನಗು ಬರುತ್ತದೆ, ಮೀನಿಗೆ ನಗು ಬರುವುದಿಲ್ಲ. ಮೊನೆ ಪೂರ್ತಿ ಬಯಲಲ್ಲಿ ಇರುವುದರಿಂದ ಗ್ಯಾಪ್ ತಲೆನೋವೇ ಇಲ್ಲ, ಚಿಕ್ಕ ಹುಕ್ಕೇ ಸಾಕು. ನೇರ ಚುಚ್ಚಿದರೆ ಹುಳ ನಾಲ್ಕು ಸಲ ಎಸೆಯುವಷ್ಟರಲ್ಲಿ ಹರಿದು ಬೀಳುತ್ತದೆ, ಅದಕ್ಕೆ ಸೊಂಟಕ್ಕೊಂದು ರಬ್ಬರ್ ಓ-ರಿಂಗ್ ಹಾಕಿ ಅದರ ಕೆಳಗೆ ಹುಕ್ ತೂರಿಸಿ.

ಡ್ರಾಪ್ ಶಾಟ್ (ದಾರದ ತುದಿಗೆ ಸೀಸ, ಅದರ ಮೇಲೆ ಹುಕ್) ಆದರೆ ಇನ್ನೂ ಚಿಕ್ಕದು. 4, 2, 1, ಜಾಸ್ತಿ ಅಂದರೆ 1/0. ಸಣ್ಣ ಹುಳದ ಮೂಗಿಗೆ ಮೂಗುತಿ ಚುಚ್ಚಿದ ಹಾಗೆ ಚುಚ್ಚುವುದು. ಇಲ್ಲಿ ಹುಕ್ಕಿಗಿಂತ ಗಂಟು ಮುಖ್ಯ. ಪಾಲೋಮಾರ್ ಗಂಟು ಹಾಕಿ, ಕೆಳಗೆ ಸೀಸಕ್ಕೆ ಹೋಗುವ ಉದ್ದ ತುದಿಯನ್ನು ಮೊನೆ ಇರುವ ಕಡೆಯಿಂದ ಮತ್ತೆ ಹುಕ್ಕಿನ ಕಣ್ಣಿನೊಳಗೆ (ದಾರ ಕಟ್ಟುವ ತೂತು) ತೂರಿಸಿ ಎಳೆದರೆ ಹುಕ್ ಮೊನೆ ಮೇಲೆ ಮಾಡಿಕೊಂಡು ದಾರಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ದಾರಕ್ಕೆ ಅಂಟಿಕೊಂಡು ಜೋತು ಬೀಳುತ್ತದೆ, ಮೀನು ಕಚ್ಚಿದರೂ ಚುಚ್ಚುವುದಿಲ್ಲ.

ಸ್ಮಾಲ್‌ಮೌತ್ ಬಾಸ್ ಹಿಡಿಯುವವರು ಎಲ್ಲದರಲ್ಲೂ ಒಂದು ಸೈಜ್ ಕಡಿಮೆ ಮಾಡಿಕೊಳ್ಳಿ. ಲಾರ್ಜ್‌ಮೌತ್‌ನ ಮೇಲ್ದವಡೆ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ, ಸ್ಮಾಲ್‌ಮೌತ್‌ದು ದಾಟುವುದಿಲ್ಲ. ಬಾಯಿಯೇ ಚಿಕ್ಕದು.


ಹೊಸಗಾಳ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅದುಮುವ ಪರೀಕ್ಷೆ ಈಗಷ್ಟೇ ಮಾಡಿದೆ. ಸ್ಟಿಕ್ ವರ್ಮ್‌ನಲ್ಲಿ ಮೊನೆ ಅಕ್ಕಿ ಕಾಳಿನ ತುದಿಯಷ್ಟು ಮಾತ್ರ ಹೊರಗೆ ಬಂತು, ಹಿಮ್ಮುಳ್ಳು ಕಾಣಲೇ ಇಲ್ಲ. ಕ್ರೀಚರ್ ಬೈಟ್‌ನಲ್ಲಿ ಅದೂ ಇಲ್ಲ! ಎರಡು ತಿಂಗಳು ನಾನು ಮೀನುಗಳಿಗೆ ಚೂಯಿಂಗ್ ಗಮ್ ಕೊಡುತ್ತಿದ್ದೆ ಅನ್ನಿಸುತ್ತದೆ. ತೆಳ್ಳಗಿನ ಹುಳದಲ್ಲಿ ಮಾತ್ರ ಪೂರ್ತಿ ಹೊರಗೆ ಬಂತು.

ಇನ್ನೊಂದು ಸಂಶಯ. ಎಕ್ಸ್‌ಟ್ರಾ ವೈಡ್ ಗ್ಯಾಪ್ ಅಷ್ಟು ಒಳ್ಳೆಯದಾದರೆ ಎಲ್ಲರೂ ಅದನ್ನೇ ಬಳಸಬಹುದಲ್ಲ? ನನಗೆ ಪರಿಚಯದವರೊಬ್ಬರು ಅದನ್ನು ಮುಟ್ಟುವುದೇ ಇಲ್ಲ, ಅದರಲ್ಲಿ ಮೀನು ತಪ್ಪುತ್ತದೆ ಅನ್ನುತ್ತಾರೆ. ಮತ್ತೆ ಸ್ಟ್ರೈಟ್ ಶ್ಯಾಂಕ್ ಯಾವಾಗ?


ಹಳೇರೀಲು:

ತಮ್ಮಾ, ನಿನ್ನ ಪರಿಚಯದವರು ಹೇಳಿದ್ದರಲ್ಲೂ ಸತ್ಯ ಇದೆ. ಎರಡು ಹುಕ್ಕನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡು. ಎಕ್ಸ್‌ಟ್ರಾ ವೈಡ್ ಗ್ಯಾಪ್‌ನಲ್ಲಿ ಹೊಟ್ಟೆ ಕೆಳಗೆ ಇಳಿದು ಮೊನೆ ವಾಪಸ್ ಮೇಲೆ ಬಂದಿರುತ್ತದೆ, ಹೆಚ್ಚುಕಡಿಮೆ ಕಣ್ಣಿನ ನೇರಕ್ಕೇ ನಿಂತಿರುತ್ತದೆ. ಹುಳದ ಬೆನ್ನಿಗೆ ಅಂಟಿದ ಹಾಗೆ ಮಲಗುತ್ತದೆ, ಕಳೆಗೆ ಸಿಕ್ಕುವುದಿಲ್ಲ. ದಪ್ಪ ಹುಳಕ್ಕೆ ಬೇಕಾದ ಜಾಗವೂ ಇರುತ್ತದೆ. ಆದರೆ ದಾರ ಎಳೆಯುವ ದಿಕ್ಕು, ಮೊನೆಯ ದಿಕ್ಕು ಎರಡೂ ಒಂದೇ ಆದರೆ ಕೆಲವು ಸಲ ಮೊನೆ ಏನಕ್ಕೂ ತಗುಲದೆ ಬಾಯಿಂದ ಜಾರಿ ಹೊರಗೆ ಬರುತ್ತದೆ. ರೌಂಡ್ ಬೆಂಡ್‌ನಲ್ಲಿ ಮೊನೆ ಆ ನೇರದಿಂದ ಆಚೆ ಚಾಚಿಕೊಂಡಿರುತ್ತದೆ, ಎಳೆದ ಕೂಡಲೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ತೆಳು ಹುಳಕ್ಕೆ ರೌಂಡ್ ಬೆಂಡ್, ದಪ್ಪದ್ದಕ್ಕೆ ವೈಡ್ ಗ್ಯಾಪ್. ಮೆತ್ತನೆ ಪ್ಲಾಸ್ಟಿಕ್ಕಿನ ಟ್ಯೂಬ್, ಮೀನಿನ ಆಕಾರದ ಜರ್ಕ್‌ಬೈಟ್, ಕಪ್ಪೆ ಇವೆಲ್ಲ ವೈಡ್ ಗ್ಯಾಪ್ ಪಂಗಡ. ಇದರಲ್ಲಿ ಜಗಳ ಮಾಡುವಂಥದ್ದು ಏನೂ ಇಲ್ಲ, ಆದರೂ ಜನ ವರ್ಷಗಟ್ಟಲೆ ಜಗಳ ಮಾಡುತ್ತಲೇ ಇದ್ದಾರೆ.

ಮೊದಲು ಇಷ್ಟೆಲ್ಲ ತರಹ ಇರಲೂ ಇಲ್ಲ. 1949ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಅನ್ನುವವರು ಮನೆಯಲ್ಲೇ ಮೆತ್ತನೆ ಪ್ಲಾಸ್ಟಿಕ್ ಹುಳ ಎರಕ ಹೊಯ್ದರು. ಮೊದಲ ಕಾಲದ ಆ ಹುಳಗಳಲ್ಲಿ ಹುಕ್ಕುಗಳನ್ನು ಒಳಗೇ ಪೋಣಿಸಿ ಮೊನೆ ಹೊರಗೆ ಬಿಟ್ಟಿರುತ್ತಿದ್ದರು, ಕಳೆ ಇದ್ದ ಕಡೆ ಎಸೆದರೆ ಕಳೆಯನ್ನೇ ಹಿಡಿದು ತರುತ್ತಿತ್ತು. ಮೊನೆಯನ್ನು ಹುಳದೊಳಗೆ ಅಡಗಿಸುವ ಟೆಕ್ಸಸ್ ರಿಗ್ ಬಂದ ಮೇಲೆಯೇ ಈ ಗ್ಯಾಪ್ ರಾಮಾಯಣ ಶುರುವಾದದ್ದು.

ಸ್ಟ್ರೈಟ್ ಶ್ಯಾಂಕ್ ಕೇಳಿದೆ. ದಟ್ಟ ಕಳೆ, ಜೊಂಡು, ಮುಳುಗಿದ ಪೊದೆ, ಅಲ್ಲಿ ಅರ್ಧ ಔನ್ಸ್, ಒಂದು ಔನ್ಸ್ ಸೀಸ ಹಾಕಿ ನೇರ ಕೆಳಗಿಳಿಸುವಾಗ ಅದು ಬೇಕು. ಕತ್ತಿನ ಹತ್ತಿರ ಝಡ್ ತರಹದ ಮಡಿಕೆ ಇರುವುದಿಲ್ಲ, ನೇರ ಕಡ್ಡಿ, ದಪ್ಪ ತಂತಿ. ಇದನ್ನು ಸ್ನೆಲ್ ಗಂಟು ಹಾಕಿ ಕಟ್ಟಬೇಕು. ದಾರವನ್ನು ಮೊನೆ ಇರುವ ಕಡೆಯಿಂದ ಕಣ್ಣಿನೊಳಗೆ ತೂರಿಸಿ ಕಡ್ಡಿಗೆ ಆರೇಳು ಸುತ್ತು ಸುತ್ತುವುದು. ಆಗ ಎಳೆದರೆ ಹುಕ್ ಸೀದಾ ಬರುವ ಬದಲು ಮೊನೆ ಹೊರಕ್ಕೆ ಒದೆಯುತ್ತದೆ, ಮೀನಿನ ಅಂಗುಳಕ್ಕೆ ಚುಚ್ಚುತ್ತದೆ. ಕೈಯಲ್ಲಿ ದಾರ ಹಿಡಿದು ಎಳೆದು ನೋಡು, ಕಣ್ಣಿಗೇ ಕಾಣುತ್ತದೆ. ಉಲ್ಟಾ ಕಡೆಯಿಂದ ತೂರಿಸಿದರೆ ಈ ಒದೆತ ಬರುವುದಿಲ್ಲ, ಕಟ್ಟಿದ ಶ್ರಮ ದಂಡ. ಇನ್ನೊಂದು ಮಾತು, ಕಣ್ಣು ಬೆಸೆದಿರುವ ಹುಕ್ಕೇ ತೆಗೆದುಕೋ. ಕೆಲವದರಲ್ಲಿ ಕಣ್ಣು ಮುಚ್ಚಿದ ಜಾಗದಲ್ಲಿ ಕೂದಲೆಳೆ ಸಂದು ಇರುತ್ತದೆ, ಬ್ರೇಡ್ ಅದರಲ್ಲಿ ನುಸುಳಿ ಹೊರಗೆ ಬರುತ್ತದೆ. ಮೀನೂ ಹೋಯಿತು, ಹುಕ್ಕೂ ಹೋಯಿತು, ದಾರ ಮಾತ್ರ ಅಚ್ಚುಕಟ್ಟಾಗಿ ವಾಪಸ್ ಬರುತ್ತದೆ.

ಈಗ ನಾನು ಹೇಳಬೇಕೆಂದಿದ್ದು. ಸೈಜ್ ಸರಿ ಮಾಡಿಕೊಂಡರೂ ಹುಳ ಸೊಟ್ಟ ಕೂತರೆ ಪ್ರಯೋಜನ ಇಲ್ಲ. ಹುಕ್ಕನ್ನು ಹುಳದ ಪಕ್ಕ ಹಿಡಿ, ಕಣ್ಣು ಮೂತಿಯ ನೇರಕ್ಕೆ. ಬಾಗು ಎಲ್ಲಿ ಬರುತ್ತದೋ ಅಲ್ಲಿ ಉಗುರಲ್ಲಿ ಗುರುತು ಮಾಡು. ಮೂತಿಯ ನಟ್ಟನಡುವೆ ಮೊನೆ ಚುಚ್ಚಿ ಕಾಲು ಇಂಚು ಒಳಗೆ ಹೋಗಿ ಹೊಟ್ಟೆ ಕಡೆ ಹೊರಗೆ ತೆಗೆ. ಮಡಿಕೆ ಮೂತಿಯೊಳಗೆ ಹೋಗುವ ತನಕ ಎಳೆ, ಹುಕ್ಕನ್ನು ಅರ್ಧ ಸುತ್ತು ತಿರುಗಿಸು. ಆಮೇಲೆ ಗುರುತು ಮಾಡಿದ ಜಾಗದಲ್ಲಿ ನೇರ ಮೇಲಕ್ಕೆ ಚುಚ್ಚಿ ಬೆನ್ನಲ್ಲಿ ಹೊರಗೆ ತಂದು, ಮೊನೆಯ ತುದಿಯನ್ನಷ್ಟೇ ಚರ್ಮದ ಕೆಳಗೆ ಸೇರಿಸು. ಅಷ್ಟೇ. ಗುರುತಿಗಿಂತ ಹಿಂದೆ ಚುಚ್ಚಿದರೆ ಹುಳ ಗೂನಾಗುತ್ತದೆ, ಮುಂದೆ ಚುಚ್ಚಿದರೆ ಹಿಗ್ಗಿ ನಿಲ್ಲುತ್ತದೆ. ಗೂನು ಹುಳ ನೀರಲ್ಲಿ ಗಿರಗಿರ ಸುತ್ತುತ್ತದೆ, ದಾರಕ್ಕೆ ಮುರಿ ಬೀಳುತ್ತದೆ, ಅಂಥದ್ದನ್ನು ಯಾವ ಮೀನೂ ಮೂಸಿ ನೋಡುವುದಿಲ್ಲ. ಮೂತಿ ಹಿಡಿದು ಜೋತುಬಿಟ್ಟಾಗ ಲಂಬವಾಗಿ ನೇರ ನಿಲ್ಲಬೇಕು. ನಿಲ್ಲದಿದ್ದರೆ ಬಿಚ್ಚಿ ಮತ್ತೆ ಹಾಕು, ಸೋಮಾರಿತನ ಮಾಡಬೇಡ.

ಮೊನೆಯನ್ನೂ ನೋಡು. ಹೆಬ್ಬೆರಳ ಉಗುರಿನ ಮೇಲೆ ಹಗುರಾಗಿ ಎಳೆ. ಕಚ್ಚಿ ನಿಂತರೆ ಚೂಪು, ಜಾರಿದರೆ ಮೊಂಡು. ಕಲ್ಲಿನ ಮೇಲೆ ಎರಡು ಸಲ ಉಜ್ಜಿದರೆ ಸಾಕು, ಹೊಸ ಹುಕ್ಕೂ ಮೊಂಡಾಗುತ್ತದೆ. ನನ್ನ ಕಥೆ ಹೇಳುತ್ತೇನೆ ಕೇಳು. ಒಂದು ಸಲ ಉಪ್ಪು ಬೆರೆಸಿದ ಹುಳವನ್ನು ಹುಕ್ಕಿನ ಸಮೇತ ರಾಡ್‌ನಲ್ಲೇ ಬಿಟ್ಟು ಮನೆಗೆ ಬಂದೆ. ಮೂರು ವಾರ ಆದ ಮೇಲೆ ಹೋಗಿ ಅದನ್ನೇ ಎಸೆದೆ. ಆ ವರ್ಷದ ದೊಡ್ಡ ಮೀನು ಅದಕ್ಕೇ ಬರಬೇಕೆ? ಎಳೆದೆ, ಪಟ್ ಅಂದಿತು. ನೋಡಿದರೆ ಹುಳದ ಒಳಗಿದ್ದ ಭಾಗ ಪೂರ್ತಿ ತುಕ್ಕು ಹಿಡಿದು ಕಡ್ಲೆಪುರಿ ಆಗಿತ್ತು. ಹೊರಗೆ ಕಾಣುವ ಕಣ್ಣು ಮಾತ್ರ ಫಳಫಳ ಹೊಳೆಯುತ್ತಿತ್ತು.


ಜೊಂಡಿನಮರೆ:

ಉಪ್ಪಿನ ಮಾತು ಹೌದು, ನನಗೂ ಆಗಿದೆ. ಈಗ ಮನೆಗೆ ಬಂದ ಕೂಡಲೇ ಹುಳ ಬಿಚ್ಚಿ ಹುಕ್ ಒರೆಸಿಡುತ್ತೇನೆ.

ಒಂದು ಸೇರಿಸುತ್ತೇನೆ. ಮೊನೆಯನ್ನು ಎಷ್ಟು ಅಡಗಿಸಬೇಕು ಅನ್ನುವುದು ಜಾಗ ನೋಡಿಕೊಂಡು. ದಟ್ಟ ಕಳೆ ಇದ್ದರೆ ಹುಳದೊಳಗೇ ಸ್ವಲ್ಪ ಆಳಕ್ಕೆ ಬಿಡಬಹುದು. ಅಲ್ಲಲ್ಲಿ ಕಳೆ ಇದ್ದರೆ ಹಳೇರೀಲು ಅವರು ಹೇಳಿದ ಹಾಗೆ ಚರ್ಮದ ಕೆಳಗೆ ತುದಿ ಮಾತ್ರ. ಇಲ್ಲದಿದ್ದರೆ ನಿಮ್ಮ ಅರ್ಧ ಶಕ್ತಿ ಪ್ಲಾಸ್ಟಿಕ್ ಹರಿಯುವುದಕ್ಕೇ ಹೋಗುತ್ತದೆ.


ತೆಳುದಾರ:

ಎಳೆಯುವ ವಿಚಾರವನ್ನೂ ಹೇಳಿಬಿಡುತ್ತೇನೆ. ಬಾಸ್ ಹುಳವನ್ನು ಕಚ್ಚುವುದಕ್ಕಿಂತ ಹೀರುತ್ತದೆ. ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ, ಇಷ್ಟವಾಗದಿದ್ದರೆ ಅಷ್ಟೇ ಬೇಗ ಉಗುಳುತ್ತದೆ. ಟಕ್ ಅಂದಾಗ ರಾಡ್ ತುದಿ ಕೆಳಗೆ ಮಾಡಿ, ಸಡಿಲ ದಾರ ಸುತ್ತಿಕೊಳ್ಳಿ, ಭಾರ ಸಿಕ್ಕಿದ ಕೂಡಲೇ ಎಳೆಯಿರಿ. ಜೋತುಬಿದ್ದ ದಾರವನ್ನು ಎಷ್ಟು ಜೋರಾಗಿ ಎಳೆದರೂ ಗಾಳಿ ಎಳೆದ ಹಾಗೆ. ತೆಳು ತಂತಿಯ ಬಯಲು ಮೊನೆಯ ಹುಕ್ ಆದರೆ ಜೋರಾಗಿ ಎಳೆಯಲೇಬೇಡಿ, ರೀಲ್ ಸುತ್ತುತ್ತಾ ರಾಡ್ ಮೇಲೆತ್ತಿದರೆ ತಾನಾಗೇ ಚುಚ್ಚಿಕೊಳ್ಳುತ್ತದೆ. ತಡ ಮಾಡಿದರೆ ಗಂಟಲೊಳಗೆ ಇಳಿಯುತ್ತದೆ, ಬಿಡಿಸುವುದು ಕಷ್ಟ, ಮೀನಿಗೂ ಹಿಂಸೆ. ಹಿಡಿದು ವಾಪಸ್ ಬಿಡುವವರಾದರೆ ಇಕ್ಕಳದಲ್ಲಿ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಿಬಿಡಿ. ದಾರ ಬಿಗಿಯಾಗಿ ಇಟ್ಟುಕೊಂಡರೆ ಮೀನು ತಪ್ಪುವುದು ನೀವು ಅಂದುಕೊಂಡಷ್ಟು ಜಾಸ್ತಿ ಏನಲ್ಲ.


ಹೊಸಗಾಳ:

ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಸ್ಟಿಕ್ ವರ್ಮ್‌ಗೆ 4/0 ಎಕ್ಸ್‌ಟ್ರಾ ವೈಡ್ ಗ್ಯಾಪ್, ಮಧ್ಯಮ ತಂತಿ. ಕ್ರೀಚರ್‌ಗೆ ಬ್ರೇಡ್ ರಾಡ್‌ನಲ್ಲಿ 4/0 ಸ್ಟ್ರೈಟ್ ಶ್ಯಾಂಕ್, ಸ್ನೆಲ್ ಗಂಟು. ಗಂಟು ಮೊದಲ ದಿನ ಉಲ್ಟಾ ಕಡೆಯಿಂದ ಹಾಕಿದ್ದೆ, ಎಳೆದು ನೋಡಿದರೆ ಮೊನೆ ಒದೆಯಲೇ ಇಲ್ಲ. ಬಿಚ್ಚಿ ಸರಿ ಮಾಡಿಕೊಂಡೆ. ತೆಳ್ಳಗಿನ ಹುಳಕ್ಕೆ ಹಳೆಯ 2/0 ಹಾಗೇ ಇದೆ, ಗೆಲ್ಲುತ್ತಿರುವ ಕುದುರೆಯನ್ನು ಯಾಕೆ ಬದಲಿಸಬೇಕು ಅಂತ.

ಹೋದ ಶನಿವಾರ ಒಂಬತ್ತು ಸಲ ಕಚ್ಚಿತು, ಆರು ಕೈಗೆ ಬಂದವು. ತಪ್ಪಿದ ಮೂರರಲ್ಲಿ ಒಂದು ಪೂರ್ತಿ ನನ್ನದೇ ತಪ್ಪು, ನೀರು ಕುಡಿಯುತ್ತಾ ಕೂತಿದ್ದೆ. ಆರರಲ್ಲಿ ನಾಲ್ಕಕ್ಕೆ ಹುಕ್ ಮೇಲಂಗುಳಕ್ಕೆ ಚುಚ್ಚಿತ್ತು, ಅದನ್ನು ನೋಡಿ ಆದ ಖುಷಿ ಮೀನು ನೋಡಿ ಆಗಲಿಲ್ಲ.

ಈಗ ಹೊಸ ಕಷ್ಟ. ಸ್ಟಿಕ್ ವರ್ಮ್ ಒಂದೊಂದು ಮೀನಿಗೆ ಒಂದೊಂದು ಬೇಕು. ಮೂತಿ ಹರಿದು ಹುಕ್ಕಿನ ಮಡಿಕೆಯಿಂದ ಕೆಳಗೆ ಜಾರುತ್ತದೆ. ಇದಕ್ಕೇನಾದರೂ ಉಪಾಯ ಉಂಟಾ? ಮತ್ತೆ ಬಾಲ ಬಡಿಯುವ ಸ್ವಿಮ್‌ಬೈಟ್ ಒಂದು ಪ್ಯಾಕೆಟ್ ಸಿಕ್ಕಿದೆ, 5 ಇಂಚಿನದು. ಅದಕ್ಕೆ ಇದೇ 4/0 ನಡೆಯುತ್ತದಾ?


ಜೊಂಡಿನಮರೆ:

ಒಳ್ಳೆ ಸುದ್ದಿ ಸರ್!

ಸ್ವಿಮ್‌ಬೈಟ್‌ಗೆ ಅಂಗಡಿಯಲ್ಲಿ ನೋಡಿದ್ದೆ ಅಂದಿರಲ್ಲ, ಸ್ಪ್ರಿಂಗ್ ಮತ್ತು ಸೀಸ ಇರುವ ಹುಕ್, ಅದೇ ಬೇಕು. ಸ್ಪ್ರಿಂಗನ್ನು ಮೂತಿಗೆ ಸ್ಕ್ರೂ ತಿರುಗಿಸಿದ ಹಾಗೆ ತಿರುಗಿಸುವುದು, ಆಗ ಮೂತಿ ಹರಿಯುವುದಿಲ್ಲ. ಸೀಸ ಹೊಟ್ಟೆಯ ಕೆಳಗೆ ಬರುತ್ತದೆ, ಅದರಿಂದ ಬೈಟ್ ಪಕ್ಕಕ್ಕೆ ಮಗುಚದೆ ನೇರ ಈಜುತ್ತದೆ. 5 ಇಂಚಿಗೆ 5/0 ಅಥವಾ 6/0. ಸೀಸ ಇಲ್ಲದ 4/0 ಹಾಕಿ ಜೋರಾಗಿ ಸುತ್ತಿದರೆ ಮಗುಚುವುದೇ ಜಾಸ್ತಿ.


ಹಳೇರೀಲು:

ಸ್ಟಿಕ್ ವರ್ಮ್ ಹರಿಯುವುದು ಅದರ ಹಣೆಬರಹ. ಉಪ್ಪು ತುಂಬಿದ ಮೆತ್ತನೆ ಪ್ಲಾಸ್ಟಿಕ್ ಅದು, ಗಟ್ಟಿಯಾಗಿದ್ದರೆ ಹಾಗೆ ನಡುಗುತ್ತಲೂ ಇರಲಿಲ್ಲ. ಮೂತಿ ಹರಿದರೆ ಅರ್ಧ ಇಂಚು ಕತ್ತರಿಸಿ ಮತ್ತೆ ಹಾಕು. ಇನ್ನೂ ಹರಿದರೆ ವ್ಯಾಕಿಗೆ ಬಳಸು, ಸೊಂಟ ಗಟ್ಟಿ ಇರುತ್ತದಲ್ಲ. ಅದೂ ಹೋದ ಮೇಲೆ ಎರಡು ಮುಕ್ಕಾಲು ಇಂಚು, ಮೂರು ಇಂಚಿನ ತುಂಡು ಮಾಡಿ ಚಿಕ್ಕ ಅಣಬೆ ಆಕಾರದ ಸೀಸದ ತಲೆ ಇರುವ ಹುಕ್, ಅಂದರೆ ಜಿಗ್‌ಗೆ ಸಿಕ್ಕಿಸಿದರೆ ನೆಡ್ ರಿಗ್ ಆಯಿತು. ಒಂದು ಹುಳ, ಮೂರು ಜನ್ಮ. ಹರಿಯಬಾರದು ಅಂತಲೇ ಇದ್ದರೆ ರಬ್ಬರಿನ ಹಾಗೆ ಹಿಗ್ಗುವ ಒಂದು ತರಹದ ಪ್ಲಾಸ್ಟಿಕ್ ಬರುತ್ತದೆ, ನೆಡ್ ರಿಗ್‌ಗೆ ಅದನ್ನೇ ಜಾಸ್ತಿ ಬಳಸುತ್ತಾರೆ. ಅದು ನೀರಲ್ಲಿ ತೇಲುತ್ತದೆ, ಸೀಸದ ತಲೆ ನೆಲ ಮುಟ್ಟಿದರೂ ಬಾಲ ಮೇಲೆ ನಿಂತಿರುತ್ತದೆ. ಆದರೆ ಅದನ್ನು ಬೇರೆ ಪ್ಲಾಸ್ಟಿಕ್ ಹುಳಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡ. ಎರಡೂ ಸೇರಿದರೆ ಕರಗಿ ಅಂಟಾಗುತ್ತವೆ.


ಹೊಸಗಾಳ:

ಕೊನೆಯ ಸಾಲು ಓದಿ ಎದ್ದು ಹೋಗಿ ಡಬ್ಬಿ ತೆಗೆದು ನೋಡಿದೆ. ಹೋದ ವಾರ ಯಾರೋ ಕೊಟ್ಟ ನಾಲ್ಕು ಹಿಗ್ಗುವ ಹುಳಗಳನ್ನು ಕ್ರೀಚರ್ ಬೈಟ್‌ಗಳ ಖಾನೆಗೇ ಹಾಕಿಟ್ಟಿದ್ದೆ. ಈಗ ಎಲ್ಲಾ ಸೇರಿ ಒಂದೇ ಮುದ್ದೆ, ಅದರಿಂದ ಹನ್ನೆರಡು ಮೀಸೆ ಹೊರಗೆ ಚಾಚಿವೆ. ಈ ದಪ್ಪಕ್ಕೆ ಎಷ್ಟನೇ ನಂಬರ್ ಹುಕ್ ಬೇಕಾಗಬಹುದು ಹೇಳಿ?


ತೆಳುದಾರ:

ಅದಕ್ಕೆ ಹುಕ್ ಬೇಡ, ದೋಣಿಗೆ ಲಂಗರು ಮಾಡಿಕೊಳ್ಳಿ.